ಹನ್ನೆರಡು ಜನ ಒಟ್ಟಿಗೆ ಓದುವ ಫೀಡ್ ರೀಡರ್: ಸುಧಾರಣೆಗೆ ಯೋಜನೆ ಹಾಕಿದ ಬಗೆ

ತಾಣಗಳು ತಮ್ಮ ಹೊಸ ಬರಹಗಳನ್ನು ಪಟ್ಟಿ ಮಾಡಿ ಇಡುವ ಕಡತವೇ ಫೀಡ್; ಅಂಥ ಹಲವು ಫೀಡುಗಳನ್ನು ತಂದು ಒಂದೆಡೆ ತೋರಿಸುವುದು ಫೀಡ್ ರೀಡರ್. ಒಬ್ಬರೇ ಬಳಸುವ ಫೀಡ್ ರೀಡರಿನಲ್ಲಿ ಒಂದು ಸುದ್ದಿಗೆ ಎರಡೇ ಸ್ಥಿತಿ: ಓದಿದ್ದು, ಓದದೇ ಉಳಿದದ್ದು. ಅದೇ ರೀಡರನ್ನು ಹನ್ನೆರಡು ಜನ ಸೇರಿ ಬಳಸತೊಡಗಿದರೆ ಈ ಎರಡು ಸಾಲುವುದಿಲ್ಲ. ಕೂಡುಕುಟುಂಬದ ಅಡುಗೆಮನೆಯಲ್ಲಿ ಒಲೆ ಮೇಲಿಟ್ಟ ಹಾಲಿನ ಕಥೆಯಾಗುತ್ತದೆ: ಎಲ್ಲರೂ ನೋಡಿರುತ್ತಾರೆ, ಯಾರೂ ಇಳಿಸಿರುವುದಿಲ್ಲ.

ಇಲ್ಲಿ ಹೇಳುತ್ತಿರುವ ರೀಡರ್ ನೀರು, ಬೇಸಾಯ, ಪರಿಸರದ ಸುದ್ದಿಗಳನ್ನು ಕನ್ನಡ ಮತ್ತು ಇಂಗ್ಲಿಷ್ ತಾಣಗಳಿಂದ ಹೆಕ್ಕಿ, ವಾರಕ್ಕೊಮ್ಮೆ ಕನ್ನಡದಲ್ಲಿ ಸಂಗ್ರಹ ಹೊರಡಿಸುವ ಗುಂಪೊಂದರದು. ಸುಮಾರು 400 ಫೀಡ್‌ಗಳು, ದಿನಕ್ಕೆ ಸುಮಾರು 1,500 ಸುದ್ದಿ. ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ಮುಂದೆ ಬ್ರೌಸರಿನಲ್ಲಿ ತೆರೆಯುವ ಸಾದಾ ಪುಟ. ಎಲ್ಲರಿಗೂ ಒಂದೇ ಲಾಗಿನ್. ಸುಧಾರಣೆಯ ಮಾತು ಬಂದಾಗ ಬೇಡಿಕೆಗಳಿಗೇನೂ ಬರವಿರಲಿಲ್ಲ: ಡಾರ್ಕ್ ಮೋಡ್ ಬೇಕು, ಮೊಬೈಲ್ ಆ್ಯಪ್ ಬೇಕು, ಎಐ ಸಾರಾಂಶ ಬೇಕು. ಅದರ ಜೊತೆಗೇ ಬೇರೊಂದು ಜಾತಿಯ ದೂರುಗಳು: ಕೆಲವು ಸುದ್ದಿ ಬರುವುದೇ ಇಲ್ಲ, ಓದಿದ್ದೇ ಮತ್ತೆ ಬರುತ್ತದೆ, ಒಂದೇ ಸುದ್ದಿಯನ್ನು ಇಬ್ಬರು ಬರೆದಿಟ್ಟಿರುತ್ತಾರೆ, ಹುಡುಕಿದರೆ ಸಿಗುವುದಿಲ್ಲ.

ಮೊದಲ ಗುಂಪನ್ನು ಪಕ್ಕಕ್ಕಿಟ್ಟು ಎರಡನೆಯದನ್ನೇ ಹಿಡಿದೆವು. ಪಟ್ಟಿಯ ಮೇಲೆ ನಂಬಿಕೆಯಿಲ್ಲದವರು ಬಣ್ಣ ಬದಲಿಸಿದ ಮಾತ್ರಕ್ಕೆ ನಂಬುವುದಿಲ್ಲ. ಪ್ರತಿ ದೂರಿನ ಜೊತೆ ಒಂದು ಉದಾಹರಣೆ ಕಡ್ಡಾಯ ಎಂದು ನಿಯಮ ಮಾಡಿದೆವು: ಯಾವ ಸುದ್ದಿ, ಅದರ ಕೊಂಡಿ, ಎಷ್ಟು ಹೊತ್ತಿಗೆ. ಉದಾಹರಣೆ ಇಲ್ಲದ ದೂರು ಪಟ್ಟಿಗೆ ಸೇರುವುದಿಲ್ಲ. ಇದ್ದವುಗಳ ಬೆನ್ನು ಹತ್ತಿ ಹೋದಾಗ ಬಹುಪಾಲಿನ ಬೇರು ಸಿಕ್ಕಿದ್ದು ಪರದೆಯಲ್ಲಲ್ಲ, ಫೀಡ್ ತರುವ ಹಂತದಲ್ಲಿ.

ಬಾರದ ಸುದ್ದಿಗಳು

ಫೀಡ್ ತರುವ ಪ್ರೋಗ್ರಾಮ್ ತನ್ನ ದಿನಚರಿ ಬರೆದಿಡದಿದ್ದರೆ ಯೋಜನೆ ಹಾಕುವುದೆಲ್ಲ ಊಹೆಯೇ. ಆದ್ದರಿಂದ ಮೊದಲು ಸೇರಿಸಿದ್ದು ಒಂದು ಟೇಬಲ್. ಪ್ರತಿ ಸಲ ಫೀಡ್ ತಂದಾಗ ಒಂದು ಸಾಲು: ಫೀಡ್ ಸಂಖ್ಯೆ, ಸಮಯ, ಎಚ್‌ಟಿಟಿಪಿ ಕೋಡ್ (ತಾಣದ ಸರ್ವರ್ ಕೊಡುವ ಉತ್ತರದ ಸಂಖ್ಯೆ), ಎಷ್ಟು ಬೈಟ್, ಎಷ್ಟು ಸುದ್ದಿ ಇದ್ದವು, ಅದರಲ್ಲಿ ಹೊಸವೆಷ್ಟು, ಅತಿ ಹೊಸದರ ಮತ್ತು ಅತಿ ಹಳೆಯದರ ಹೊತ್ತು, ಪಾರ್ಸ್ (ಫೀಡನ್ನು ಬಿಡಿಸಿ ಓದುವ) ದೋಷವಿದ್ದರೆ ಅದರ ಸಂದೇಶ. ಬೇರೇನೂ ಬೇಡ.

ಈ ಸಾಲುಗಳಲ್ಲಿ ಹುಡುಕಬೇಕಾದ ಮೊದಲ ಗುರುತು, ಬಂದ ಸುದ್ದಿಗಳ ಸಂಖ್ಯೆಯೂ ಹೊಸ ಸುದ್ದಿಗಳ ಸಂಖ್ಯೆಯೂ ಒಂದೇ ಆಗಿರುವ ಸಾಲು. ತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ ಬಳಸುವ ತಾಣಗಳ ಫೀಡ್‌ನಲ್ಲಿ, ಮಾಲೀಕರು ಬದಲಿಸದ ಹೊರತು, ಕೊನೆಯ 10 ಬರಹಗಳಷ್ಟೇ ಇರುತ್ತವೆ. ಹತ್ತಕ್ಕೆ ಹತ್ತೂ ಹೊಸದಾಗಿದ್ದರೆ ಕಳೆದ ಸಲಕ್ಕೂ ಈ ಸಲಕ್ಕೂ ಕೊಂಡಿ ತಪ್ಪಿದೆ ಎಂದರ್ಥ. ನಡುವೆ ಹನ್ನೊಂದನೆಯದು, ಹದಿನೈದನೆಯದು ಬಂದು ಜಾರಿಹೋಗಿರಬಹುದು. ದಿನಪತ್ರಿಕೆಗಳ ತಾಣಗಳಲ್ಲಿ ಸಂಜೆ ಒಂದೇ ಗಂಟೆಯೊಳಗೆ ಹತ್ತಕ್ಕಿಂತ ಹೆಚ್ಚು ಸುದ್ದಿ ಏರುವುದು ಸಾಮಾನ್ಯ. ಗಂಟೆಗೊಮ್ಮೆ ಮಾತ್ರ ಬಾಗಿಲು ತಟ್ಟುವ ರೀಡರ್ ಅಲ್ಲಿ ಸುದ್ದಿ ಕಳೆದುಕೊಳ್ಳಲೇಬೇಕು.

ಎಲ್ಲ ಫೀಡನ್ನೂ ಐದೈದು ನಿಮಿಷಕ್ಕೆ ತರೋಣ ಎಂಬ ಸುಲಭದ ಉಪಾಯ ಬೇಡ. ಲೆಕ್ಕ ಹಾಕಿ ನೋಡಿ: 400 ಫೀಡ್, ಸರಾಸರಿ 60 ಕೆಬಿ ಎಂದಿಟ್ಟುಕೊಂಡರೆ ಒಂದು ಸುತ್ತಿಗೆ 24 ಎಂಬಿ. ಹದಿನೈದು ನಿಮಿಷಕ್ಕೊಂದು ಸುತ್ತು ಎಂದರೂ ದಿನಕ್ಕೆ 96 ಸುತ್ತು, 2.3 ಜಿಬಿ. ಇದರಲ್ಲಿ ಹೆಚ್ಚಿನದು ತಿಂಗಳಿಗೊಂದು ಬರಹ ಬರುವ ಬ್ಲಾಗನ್ನು ಮತ್ತೆ ಮತ್ತೆ ತಂದದ್ದು.

ಬದಲಿಗೆ ಪ್ರತಿ ಫೀಡಿನ ಕಿಟಕಿಯನ್ನು ಅಳೆಯಬೇಕು. ಫೀಡಿನಲ್ಲಿರುವ ಅತಿ ಹೊಸ ಮತ್ತು ಅತಿ ಹಳೆಯ ಸುದ್ದಿಗಳ ನಡುವಿನ ಅಂತರವೇ ಕಿಟಕಿ. ಕಳೆದ ಏಳು ದಿನಗಳಲ್ಲಿ ಕಂಡ ಅತಿ ಕಿರಿದಾದ ಕಿಟಕಿ ತೆಗೆದುಕೊಂಡು, ಅದರ ಮೂರನೇ ಒಂದು ಭಾಗಕ್ಕೊಮ್ಮೆ ತರುವುದು. ಕೆಳಮಿತಿ 10 ನಿಮಿಷ, ಮೇಲ್ಮಿತಿ 12 ಗಂಟೆ. ಕಿಟಕಿ 45 ನಿಮಿಷದ್ದಾದರೆ 15 ನಿಮಿಷಕ್ಕೊಮ್ಮೆ; ಹತ್ತು ಬರಹ ಆರು ತಿಂಗಳಿಗೆ ಹರಡಿದ್ದರೆ ದಿನಕ್ಕೆರಡು ಸಲ. ಸರಾಸರಿ ಕಿಟಕಿ ತೆಗೆದುಕೊಳ್ಳಬಾರದು. ಸುದ್ದಿ ಬರುವುದು ಸರಾಸರಿಯಾಗಿ ಅಲ್ಲ, ಗುಂಪುಗುಂಪಾಗಿ. ಹೀಗಿದ್ದೂ ಕೊಂಡಿ ತಪ್ಪಿದರೆ, ವರ್ಡ್‌ಪ್ರೆಸ್ ಫೀಡುಗಳಲ್ಲಿ ವಿಳಾಸದ ಕೊನೆಗೆ ಎರಡನೇ ಪುಟದ ಸಂಖ್ಯೆ ಸೇರಿಸಿ ಕೇಳಿದರೆ ಹಿಂದಿನ ಹತ್ತು ಸಿಗುತ್ತವೆ. ಹಳೆಯ ಸುದ್ದಿಯೊಂದು ಎದುರಾಗುವ ತನಕ, ಹೆಚ್ಚೆಂದರೆ ಐದು ಪುಟ, ಹಿಂದಕ್ಕೆ ಹೋಗಬಹುದು. ವಿಭಾಗವಾರು ಫೀಡ್ ಇರುವಲ್ಲಿ ಅದನ್ನೇ ಹಾಕಿಕೊಳ್ಳುವುದು ಇನ್ನೂ ಒಳ್ಳೆಯದು. ಕೃಷಿ ವಿಭಾಗದ ಹತ್ತು ಸುದ್ದಿಯ ಕಿಟಕಿ ಮುಖಪುಟದ್ದಕ್ಕಿಂತ ಎಷ್ಟೋ ಅಗಲ. ಸಿನಿಮಾ, ಕ್ರಿಕೆಟ್ ಕಸವೂ ತಪ್ಪುತ್ತದೆ.

ಬೈಟ್ ಉಳಿಸಲು ಷರತ್ತಿನ ವಿನಂತಿ. ಸರ್ವರ್ ಕೊಟ್ಟ ಈಟ್ಯಾಗ್ (ಫೀಡಿನ ಆವೃತ್ತಿಯ ಗುರುತು) ಮತ್ತು ಲಾಸ್ಟ್ ಮಾಡಿಫೈಡ್ (ಕೊನೆಯ ಬದಲಾವಣೆಯ ಹೊತ್ತು) ಎರಡನ್ನೂ ಮುಂದಿನ ಸಲ ಹಾಗೆಯೇ ಹಿಂದಿರುಗಿಸಿದರೆ, ಬದಲಾವಣೆ ಇಲ್ಲದಿದ್ದಾಗ "ಬದಲಾಗಿಲ್ಲ" ಎನ್ನುವ ಖಾಲಿ 304 ಉತ್ತರ ಬರುತ್ತದೆ. ಇಲ್ಲಿ "ಹಾಗೆಯೇ" ಎಂಬುದನ್ನು ಅಕ್ಷರಶಃ ಪಾಲಿಸಬೇಕು: ಈಟ್ಯಾಗಿನ ಉದ್ಧರಣ ಚಿಹ್ನೆ ಕಿತ್ತು ಉಳಿಸಿಟ್ಟರೆ, ಇಲ್ಲವೇ ದಿನಾಂಕವನ್ನು ಪಾರ್ಸ್ ಮಾಡಿ ನಮ್ಮ ರೂಪದಲ್ಲಿ ಮತ್ತೆ ಬರೆದರೆ ಹೊಂದಿಕೆಯಾಗದೆ ಪ್ರತಿಸಲ ಇಡೀ ಫೀಡೇ ಬರುತ್ತದೆ. ಅಪಾಚೆ ಸರ್ವರ್ ಸಂಕುಚಿತ ಉತ್ತರ ಕೊಡುವಾಗ ಈಟ್ಯಾಗಿನ ಬಾಲಕ್ಕೆ ಜಿಜಿಪ್ ಎಂದು ಸೇರಿಸುವ ರೂಢಿಯಿದೆ. ಅಂಥ ಕಡೆ ಎಷ್ಟು ಸರಿಯಾಗಿ ಕೇಳಿದರೂ 304 ಬಾರದೇ ಹೋಗಬಹುದು. ಆಗ ಬಂದ ಫೀಡಿನ ಹ್ಯಾಶ್ (ಇಡೀ ಪಠ್ಯದಿಂದ ಲೆಕ್ಕಹಾಕಿದ ಗಿಡ್ಡ ಗುರುತು) ಹೋಲಿಸಿ, ಅದೇ ಇದ್ದರೆ ಪಾರ್ಸ್ ಮಾಡದೆ ಬಿಡುವುದು. ಬೈಟ್ ಉಳಿಯದಿದ್ದರೂ ಡೇಟಾಬೇಸಿನ ಕೆಲಸ ಉಳಿಯುತ್ತದೆ.

429 (ತೀರಾ ಹೆಚ್ಚು ಸಲ ಕೇಳುತ್ತಿದ್ದೀರಿ) ಬಂದರೆ ವಾದವಿಲ್ಲ. ಎಷ್ಟು ಹೊತ್ತು ಕಾಯಲು ಹೇಳಿದ್ದಾರೋ ಅಷ್ಟು ಕಾಯಬೇಕು. 410 ಎಂದರೆ ಫೀಡ್ ಶಾಶ್ವತವಾಗಿ ಹೋಗಿದೆ, ನಿಲ್ಲಿಸಬೇಕು. 301 (ವಿಳಾಸ ಕಾಯಂ ಬದಲಾಗಿದೆ) ಬಂದ ತಕ್ಷಣ ವಿಳಾಸ ಬದಲಿಸಬಾರದು, ಬೇರೆ ಬೇರೆ ದಿನ ಮೂರು ಸಲ ಅದೇ ಹೊಸ ವಿಳಾಸ ಬಂದರೆ ಬದಲಿಸಬಹುದು. ಡೊಮೇನ್ ಅವಧಿ ಮುಗಿದ ತಾಣಗಳು ಜಾಹೀರಾತು ಪುಟಕ್ಕೆ ಇದೇ ಕೋಡಿನಲ್ಲಿ ಕಳಿಸುವುದುಂಟು. ಮಿಕ್ಕ ದೋಷಗಳಿಗೆ ಅಂತರವನ್ನು ಇಮ್ಮಡಿಸುತ್ತ 24 ಗಂಟೆಯವರೆಗೆ. ಮುಖ್ಯವಾಗಿ, ಹಂಚಿಕೊಂಡು ಓದುವ ರೀಡರಿನಲ್ಲಿ ಫೀಡೊಂದು ಸದ್ದಿಲ್ಲದೆ ನಿಲ್ಲಬಾರದು. ಒಬ್ಬರೇ ಬಳಸುವಾಗ "ಅರೆ, ಆ ಬ್ಲಾಗ್ ಕಾಣುತ್ತಿಲ್ಲವಲ್ಲ" ಎನಿಸುತ್ತದೆ. ಹನ್ನೆರಡು ಜನರಿದ್ದಾಗ ಪ್ರತಿಯೊಬ್ಬರೂ ಬೇರೆಯವರು ಓದಿ ಮುಗಿಸಿರಬೇಕು ಎಂದುಕೊಳ್ಳುತ್ತಾರೆ. ಹದಿನಾಲ್ಕು ದಿನ ಸತತ ದೋಷ ಕೊಟ್ಟ ಫೀಡುಗಳು ಎಲ್ಲರಿಗೂ ಕಾಣುವ ಒಂದು ಪುಟಕ್ಕೆ ಬರುವಂತೆ ಯೋಜಿಸಿದೆವು. ಆ ಪುಟದಲ್ಲಿ ಅತಿ ಹೆಚ್ಚು ಕಾಣುವ ದೋಷ ಎಂದರೆ ಫೀಡಿನ ಮೊದಲ ಸಾಲಾಗಿರಬೇಕಾದ ಎಕ್ಸ್‌ಎಂಎಲ್ ಘೋಷಣೆಗೆ ಮೊದಲು ಬಂದ ಖಾಲಿ ಸಾಲು. ತಾಣದ ಯಾವುದೋ ಪ್ಲಗಿನ್ ಫೈಲಿನ ಕೊನೆಯಲ್ಲಿ ಉಳಿದ ಖಾಲಿ ಸಾಲು ಇಡೀ ಫೀಡನ್ನು ಕೆಡಿಸುತ್ತದೆ. ಪಾರ್ಸ್ ಮಾಡುವ ಮೊದಲು ಮುಂದಿನ ಖಾಲಿ ಜಾಗ ಕತ್ತರಿಸಿದರೆ ಆಯಿತು.

ಮತ್ತೆ ಬರುವ ಸುದ್ದಿಗಳು

ಫೀಡ್ ಬರೆಯುವ ಎರಡು ಮಾನಕಗಳು ಆರ್‌ಎಸ್‌ಎಸ್ ಮತ್ತು ಆಟಮ್. ಆರ್‌ಎಸ್‌ಎಸ್ 2.0ರಲ್ಲಿ ಪ್ರತಿ ಸುದ್ದಿಗೂ ಜಿಯುಐಡಿ ಎಂಬ ಗುರುತು ಇರಬಹುದು, ಇರಲೇಬೇಕೆಂದಿಲ್ಲ. 2005ರ ಆಟಮ್ ಮಾನಕದಲ್ಲಿ ಐಡಿ ಕಡ್ಡಾಯ. ಹೀಗಾಗಿ ಗುರುತಿಸುವ ಕ್ರಮ: ಮೊದಲು ಜಿಯುಐಡಿ, ಇಲ್ಲದಿದ್ದರೆ ಶುದ್ಧಗೊಳಿಸಿದ ಕೊಂಡಿ, ಅದೂ ಇಲ್ಲದಿದ್ದರೆ ಶೀರ್ಷಿಕೆ ಮತ್ತು ದಿನಾಂಕ ಸೇರಿಸಿದ ಹ್ಯಾಶ್. ಜಿಯುಐಡಿಯನ್ನು ಒಂದೇ ಫೀಡಿನೊಳಗೆ ಮಾತ್ರ ನಂಬಬೇಕು. ಬರೀ 1, 2, 3 ಎಂದು ಕೊಡುವ ತಾಣಗಳೂ ಇವೆ.

ಕೊಂಡಿ ಶುದ್ಧ ಮಾಡುವಾಗ ಓದುಗರು ಎಲ್ಲಿಂದ ಬಂದರೆಂದು ತಿಳಿಯಲು ಸೇರಿಸುವ ಯುಟಿಎಂ ಬಾಲಗಳು ಮತ್ತು ಫೇಸ್‌ಬುಕ್ಕಿನ ಎಫ್‌ಬಿಕ್ಲಿಡ್, # ಚಿಹ್ನೆಯ ನಂತರದ ಭಾಗ ಇಷ್ಟನ್ನೇ ತೆಗೆಯಬೇಕು. ಪ್ರಶ್ನಾರ್ಥಕ ಚಿಹ್ನೆಯ ಮುಂದಿನದೆಲ್ಲ ಕಿತ್ತುಹಾಕಿದರೆ, ಸುದ್ದಿಯ ಸಂಖ್ಯೆಯನ್ನು ಅಲ್ಲೇ ಇಟ್ಟಿರುವ ಹಳೆಯ ತಾಣಗಳ ಎಲ್ಲ ಸುದ್ದಿಯೂ ಒಂದೇ ಆಗಿಬಿಡುತ್ತದೆ. ಕನ್ನಡ ಕೊಂಡಿಗಳಲ್ಲಿ ಇನ್ನೂ ಒಂದು ತೊಡಕು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತ (ಮೂಲಾಕ್ಷರ ಇಲ್ಲವೇ ಗುಣಿತದ ಚಿಹ್ನೆ) ಮೂರು ಬೈಟ್, ಕೊಂಡಿಯಲ್ಲಿ ಪರ್ಸೆಂಟ್ ರೂಪಕ್ಕೆ ತಿರುಗಿದಾಗ ಒಂಬತ್ತು ಚಿಹ್ನೆ. "ಮಳೆ" ಎಂಬ ಎರಡಕ್ಷರದ ಪದ ಮೂರು ಸಂಕೇತ, 27 ಚಿಹ್ನೆ. ವರ್ಡ್‌ಪ್ರೆಸ್ ಶೀರ್ಷಿಕೆಯ ಈ ಭಾಗವನ್ನು 200 ಚಿಹ್ನೆಗೆ ಕತ್ತರಿಸುತ್ತದೆ. ಅಂದರೆ ಸುಮಾರು 22 ಸಂಕೇತ, ಮೂರ್ನಾಲ್ಕು ಪದ. "ಕಾವೇರಿ ನೀರು ಹಂಚಿಕೆ" ಎಂದು ಶುರುವಾಗುವ ಎರಡು ಸುದ್ದಿಗಳ ಕೊಂಡಿ ಹೆಚ್ಚುಕಡಿಮೆ ಒಂದೇ, ಕೊನೆಯ ಒಂದೆರಡು ಅಕ್ಷರ, ಇಲ್ಲವೇ ಕೊನೆಗೆ ಸೇರಿಸಿದ 2 ಎಂಬ ಅಂಕಿ ಮಾತ್ರ ಬೇರೆ. ಆದ್ದರಿಂದ ಕೊಂಡಿಗಳ ಹೋಲಿಕೆ ಅಳೆದು ಒಂದುಗೂಡಿಸುವ ಜಾಣತನ ಕನ್ನಡಕ್ಕೆ ಒಗ್ಗುವುದಿಲ್ಲ. ಪೂರ್ತಿ ಒಂದೇ ಇದ್ದರೆ ಮಾತ್ರ ಒಂದೇ. ಹೋಲಿಸುವ ಮೊದಲು ಪರ್ಸೆಂಟ್ ಸಂಕೇತಗಳನ್ನೆಲ್ಲ ದೊಡ್ಡಕ್ಷರಕ್ಕೆ ತರಬೇಕು; ವರ್ಡ್‌ಪ್ರೆಸ್ ಸಣ್ಣಕ್ಷರದಲ್ಲಿ ಬರೆಯುತ್ತದೆ, ಬೇರೆ ಕೆಲವು ವ್ಯವಸ್ಥೆಗಳು ದೊಡ್ಡಕ್ಷರದಲ್ಲಿ.

ತಾಣವೊಂದು ತನ್ನ ವ್ಯವಸ್ಥೆಯನ್ನೇ ಬದಲಿಸಿದ ದಿನ ಎಲ್ಲ ಜಿಯುಐಡಿಗಳೂ ಬದಲಾಗಿ, ಹಳೆಯ ಐವತ್ತು ಸುದ್ದಿ ಹೊಸದಾಗಿ ಪ್ರವಾಹದಂತೆ ನುಗ್ಗುತ್ತವೆ. ಇದಕ್ಕೊಂದು ತಡೆ: ಬಂದವುಗಳಲ್ಲಿ ಶೇ 80ಕ್ಕಿಂತ ಹೆಚ್ಚು ಹೊಸದಾಗಿದ್ದು, ಅವುಗಳ ದಿನಾಂಕ ಕಳೆದ ಸಲ ತಂದ ಹೊತ್ತಿಗಿಂತ ಹಿಂದಿನದಾಗಿದ್ದರೆ, ಯಾರಿಗೂ ತೋರಿಸದೆ ಒಳಗಿಟ್ಟುಕೊಂಡು ನಿರ್ವಾಹಕರಿಗೆ ಒಂದು ಸಾಲು ಕಳಿಸುವುದು. ಹಾಗೆಯೇ, ಹಳೆಯ ಸುದ್ದಿ ಅಳಿಸುವಾಗ ಗುರುತನ್ನು ಅಳಿಸಬಾರದು. 90 ದಿನ ದಾಟಿದ ಬರಹದ ಮೈ ಹೋಗಲಿ, ಜಿಯುಐಡಿ ಉಳಿಯಲಿ. ವರ್ಷಕ್ಕೊಂದು ಬರಹ ಬರುವ ಫೀಡಿನಲ್ಲಿ ಮೂರು ವರ್ಷದ ಹಿಂದಿನದೂ ಇನ್ನೂ ಇರುತ್ತದೆ. ಗುರುತು ಅಳಿಸಿದ ಮರುಗಳಿಗೆಯೇ ಅದು ಹೊಚ್ಚಹೊಸ ಸುದ್ದಿಯಾಗಿ ವಾಪಸು.

ದಿನಾಂಕದ ವಿಷಯ ನಮ್ಮ ದೇಶದ ಫೀಡುಗಳಿಗೇ ವಿಶೇಷವಾದದ್ದು. ಭಾರತೀಯ ಕಾಲಮಾನದ ಹೊತ್ತನ್ನು ಬರೆದು, ಪಕ್ಕದಲ್ಲಿ ವಲಯ +0000 ಎಂದು ಹಾಕುವ ತಾಣಗಳು ಬೇಕಾದಷ್ಟಿವೆ. ಸಂಜೆ 4ರ ಸುದ್ದಿ ರಾತ್ರಿ 9:30ರದ್ದಾಗಿ, ಐದೂವರೆ ಗಂಟೆ ಪಟ್ಟಿಯ ನೆತ್ತಿಯ ಮೇಲೆ ಕೂತಿರುತ್ತದೆ. ನಿಯಮ ಸರಳ: ಪ್ರಕಟಣೆಯ ಹೊತ್ತು ನಾವು ತಂದ ಹೊತ್ತಿಗಿಂತ ಮುಂದಿದ್ದರೆ ತಂದ ಹೊತ್ತನ್ನೇ ಹಾಕುವುದು. ಪಟ್ಟಿಯ ಅನುಕ್ರಮವಂತೂ ತಂದ ಹೊತ್ತಿನ ಮೇಲೆಯೇ ನಿಲ್ಲಬೇಕು. ಪ್ರಕಟಣೆಯ ಹೊತ್ತಿನ ಮೇಲೆ ನಿಂತರೆ, ತಡವಾಗಿ ಸಿಕ್ಕ ಸುದ್ದಿ ಈಗಾಗಲೇ ಓದಿ ದಾಟಿದ ಜಾಗದಲ್ಲಿ ಹುದುಗಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಯಾರು ನೋಡಿದರು, ಯಾರು ಹೊತ್ತರು

ಇಷ್ಟಾದ ಮೇಲೆ ಹಂಚಿಕೆಯ ವಿಚಾರ. 2005ರಲ್ಲಿ ಬಂದ ಗೂಗಲ್ ರೀಡರ್‌ನಲ್ಲಿ ಟಿಪ್ಪಣಿ ಹಚ್ಚಿ ಗೆಳೆಯರಿಗೆ ಹಂಚುವ ಸೌಲಭ್ಯವಿತ್ತು. 2011ರ ಅಕ್ಟೋಬರ್ ಕೊನೆಗೆ ಅದನ್ನು ತೆಗೆದರು, 2013ರ ಜುಲೈ 1ಕ್ಕೆ ರೀಡರನ್ನೇ ಮುಚ್ಚಿದರು. ಆಮೇಲೆ ಜನ ನೆಚ್ಚಿದ ಮುಕ್ತ ತಂತ್ರಾಂಶಗಳಲ್ಲಿ ಮಿನಿಫ್ಲಕ್ಸ್ ಪ್ರತಿ ಬಳಕೆದಾರರಿಗೂ ಪ್ರತ್ಯೇಕ ಫೀಡ್ ಪಟ್ಟಿ ಇಡುತ್ತದೆ. ಒಬ್ಬೊಬ್ಬರಿಗೆ ಅದು ಚೊಕ್ಕ, ಆದರೆ ಒಂದೇ ಫೀಡನ್ನು ಹನ್ನೆರಡು ಜನ ಹಾಕಿಕೊಂಡರೆ ಹನ್ನೆರಡು ಸಲ ತರಬೇಕು. ಟೈನಿ ಟೈನಿ ಆರ್‌ಎಸ್‌ಎಸ್‌ನ ರಚನೆ ನಮಗೆ ಹತ್ತಿರ: ಸುದ್ದಿಯ ಮೈ ಒಂದು ಟೇಬಲ್‌ನಲ್ಲಿ ಎಲ್ಲರಿಗೂ ಒಂದೇ, ಓದಿದ ಗುರುತು, ನಕ್ಷತ್ರ, ಟಿಪ್ಪಣಿ ಇನ್ನೊಂದು ಟೇಬಲ್‌ನಲ್ಲಿ ಒಬ್ಬೊಬ್ಬರದು. ಇದಕ್ಕೆ ಮೂರನೆಯದೊಂದು ಸೇರಿಸಿದೆವು: ಗುಂಪಿನ ಸ್ಥಿತಿ.

ಗುಂಪಿನ ಸ್ಥಿತಿ ನಾಲ್ಕೇ. ಹೊಸದು, ವಹಿಸಿಕೊಂಡದ್ದು, ಮುಗಿದದ್ದು, ಬೇಡ. ಐದನೆಯದಾಗಿ "ಆಮೇಲೆ ನೋಡೋಣ" ಬೇಕೆಂಬ ಒತ್ತಾಯ ಬಂತು, ಒಪ್ಪಲಿಲ್ಲ. ಅಂಥ ಡಬ್ಬಿ ಇಟ್ಟರೆ ಎಲ್ಲವೂ ಅದರೊಳಕ್ಕೇ ಹೋಗುತ್ತದೆ. ವಹಿಸಿಕೊಂಡದ್ದಕ್ಕೆ ನಾಲ್ಕು ಗಂಟೆಯ ಗಡುವು. ಅಷ್ಟರಲ್ಲಿ ಟಿಪ್ಪಣಿಯೋ ಕರಡೋ ಸೇರದಿದ್ದರೆ ಮತ್ತೆ ಹೊಸದು. ಒಬ್ಬರು ಓದಿದರೆ ಗುಂಪಿನ ಸ್ಥಿತಿ ಬದಲಾಗುವುದಿಲ್ಲ, ಗುಂಪಿನಲ್ಲಿ ಮುಗಿದರೆ ನನ್ನ ಓದದ ಎಣಿಕೆ ಇಳಿಯುವುದಿಲ್ಲ. ಎರಡನ್ನೂ ಒಂದಕ್ಕೊಂದು ಗಂಟು ಹಾಕದೇ ಇರುವುದೇ ಇಡೀ ಯೋಜನೆಯ ತಿರುಳು. ಶೀರ್ಷಿಕೆ ಪಕ್ಕ ವಹಿಸಿಕೊಂಡವರ ಹೆಸರಿನ ಮೊದಲಕ್ಷರ ಕಂಡರೆ ಸಾಕು, ಇಬ್ಬರು ಒಂದೇ ಸುದ್ದಿ ಬರೆಯುವುದು ನಿಲ್ಲುತ್ತದೆ.

ಇಬ್ಬರು ಒಂದೇ ಕ್ಷಣ ಒತ್ತಿದರೆ? ಮೊದಲು ಓದಿ, ಖಾಲಿಯಿದೆಯೇ ನೋಡಿ, ಆಮೇಲೆ ಬರೆಯುವ ಕ್ರಮದಲ್ಲಿ ಇಬ್ಬರಿಗೂ ಸಿಕ್ಕಂತೆ ಕಾಣುತ್ತದೆ. "ವಹಿಸಿಕೊಂಡವರ ಕಾಲಂ ಖಾಲಿ ಇದ್ದರೆ ಮಾತ್ರ ನನ್ನ ಹೆಸರು ಬರೆ" ಎಂಬ ಒಂದೇ ಅಪ್‌ಡೇಟ್ ಆದೇಶ ಕೊಟ್ಟು, ಬದಲಾದ ಸಾಲು ಒಂದೋ ಸೊನ್ನೆಯೋ ನೋಡಬೇಕು. ಸೊನ್ನೆ ಎಂದರೆ ಬೇರೆಯವರಿಗೆ ಹೋಗಿದೆ. ಯಾರಿಗೆ ಎಂದು ತೋರಿಸಬೇಕು.

"ಎಲ್ಲವನ್ನೂ ಓದಿದ್ದೆಂದು ಗುರುತಿಸು" ಗುಂಡಿ ಒಂದೇ ಲಾಗಿನ್ ಇದ್ದ ಕಾಲದಲ್ಲಿ ಎಲ್ಲ ಜಗಳಗಳ ಮೂಲ. ಸ್ಥಿತಿ ಬೇರೆ ಬೇರೆಯಾದ ಮೇಲೂ ಅದರಲ್ಲೊಂದು ಬಿರುಕು ಉಳಿಯುತ್ತದೆ. ಪುಟ ತೆರೆದದ್ದು 10:00ಕ್ಕೆ, ಗುಂಡಿ ಒತ್ತಿದ್ದು 10:20ಕ್ಕೆ. ನಡುವೆ ಬಂದ ಮೂವತ್ತು ಸುದ್ದಿ ಕಾಣದೆಯೇ ಓದಿದ್ದಾಗುತ್ತವೆ. ಪುಟ ತೆರೆದಾಗಿನ ಅತಿ ದೊಡ್ಡ ಸುದ್ದಿ ಸಂಖ್ಯೆಯನ್ನು ಗುಂಡಿಯ ಜೊತೆ ಕಳಿಸಿ, ಅಲ್ಲಿಯವರೆಗೆ ಮಾತ್ರ ಗುರುತಿಸಬೇಕು. ಇದು ಜಾಗವನ್ನೂ ಉಳಿಸುತ್ತದೆ. ದಿನಕ್ಕೆ 1,500 ಸುದ್ದಿ, 12 ಜನ ಎಂದರೆ 18,000 ಸಾಲು, ವರ್ಷಕ್ಕೆ 65 ಲಕ್ಷ ದಾಟುತ್ತದೆ. ಬದಲಿಗೆ ಪ್ರತಿಯೊಬ್ಬರಿಗೂ ಫೀಡಿಗೊಂದು "ಇಲ್ಲಿಯವರೆಗೆ ಆಯಿತು" ಸಂಖ್ಯೆ ಇಟ್ಟು, ಅದರ ಮುಂದಿನವುಗಳಲ್ಲಿ ಬಿಡಿಯಾಗಿ ಓದಿದ್ದಕ್ಕೆ ಮಾತ್ರ ಸಾಲು ಬರೆದರೆ ಟೇಬಲ್ ಕೈಯಳತೆಯಲ್ಲಿರುತ್ತದೆ.

ಸುದ್ದಿಸಂಸ್ಥೆಯ ಒಂದೇ ವರದಿ ಐದಾರು ತಾಣಗಳಲ್ಲಿ ಬರುವುದನ್ನು ಯಂತ್ರಕ್ಕೆ ಪೂರ್ತಿ ಬಿಡಲಿಲ್ಲ. ಬರಹದ ಮೊದಲ 300 ಅಕ್ಷರ ತಾಳೆಯಾದರೆ ತಾನೇ ಜೋಡಿಸಲಿ. ಕನ್ನಡ ಅನುವಾದಗಳು ಒಂದರಂತೆ ಒಂದಿರುವುದಿಲ್ಲ, ಅವಕ್ಕೆ ಕೈಯಿಂದ ಜೋಡಿಸುವ ಗುಂಡಿ ಸಾಕು.

ಕನ್ನಡದಲ್ಲಿ ಹುಡುಕುವುದು

ಪೋಸ್ಟ್‌ಗ್ರೆಸ್‌ನ ಪಠ್ಯ ಹುಡುಕಾಟದ ಜೊತೆಗೆ ಬರುವ ಭಾಷೆಗಳಲ್ಲಿ ಕನ್ನಡವಿಲ್ಲ. ಯಾವ ಭಾಷೆಯ ನಿಯಮವನ್ನೂ ಹಚ್ಚದ ಸಿಂಪಲ್ ಎಂಬ ಹೊಂದಿಕೆ ಹಾಕಿ, ಪದದ ಆರಂಭದಿಂದ ಹೊಂದಿಸುವ ವಿಧಾನ ಬಳಸಿದರೆ "ಕಾವೇರಿ" ಎಂದು ಕೇಳಿದಾಗ ಕಾವೇರಿಯ, ಕಾವೇರಿಗೆ ಎರಡೂ ಸಿಗುತ್ತವೆ. "ಮೈಸೂರು" ಎಂದರೆ ಮಾತ್ರ ಮೈಸೂರಿನಲ್ಲಿ ಸಿಗದು. ಕೊನೆಯ ಉಕಾರ ಬಿಟ್ಟು ಹುಡುಕಬೇಕು, ಅದೂ ಪದ ಸ್ವಲ್ಪ ಉದ್ದವಿದ್ದಾಗ ಮಾತ್ರ. ಗಿಡ್ಡ ಪದಗಳು ಹೇಗೂ ಗೋಳು: "ಮರ" ಎಂದರೆ ಮರಣವೂ ಮರಳೂ ಬರುತ್ತವೆ.

ಅದಕ್ಕಿಂತ ಮುಂಚೆ ಅಕ್ಷರಗಳನ್ನು ಒಂದು ಹದಕ್ಕೆ ತರಬೇಕು. ಓತ್ವ, ಏತ್ವದ ಚಿಹ್ನೆಗಳನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬಿಡಿಬಿಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಬಿಡಿ ಸಂಕೇತಗಳನ್ನು ಕೂಡಿಸಿ ಒಂದೇ ಮಾಡುವ ಎನ್‌ಎಫ್‌ಸಿ ರೂಪಕ್ಕೆ ತಂದರೆ ಸರಿಹೋಗುತ್ತದೆ. "ಸಾಫ್ಟ್‌ವೇರ್" ಥರದ ಪದಗಳ ನಡುವೆ ಕಾಣದೇ ಕೂತಿರುವ ಅಗಲವಿಲ್ಲದ ಚಿಹ್ನೆಗಳನ್ನು ತೆಗೆಯಬೇಕು. ಎನ್‌ಎಫ್‌ಸಿಗೆ ಬಗ್ಗದ ಎರಡು ಹಳೇ ಚಾಳಿಗಳಿವೆ: ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ೦ ಹಾಕಿ "ಬೆ೦ಗಳೂರು" ಎನ್ನುವುದು, ಅರ್ಕಾವತ್ತಿಗೆ ಅಂಕಿ ೯ ಹಾಕಿ "ಕಾಯ೯ಕ್ರಮ" ಎನ್ನುವುದು. ಅಕ್ಕಪಕ್ಕ ಬೇರೆ ಅಂಕಿಯಿಲ್ಲದೆ ಅಕ್ಷರಕ್ಕೆ ಅಂಟಿಕೊಂಡಿದ್ದರೆ ಬದಲಿಸಬಹುದು; ೯ಕ್ಕೆ ಮಾತ್ರ ರೇಫವನ್ನು (ರ್) ಹಿಂದಿನ ವ್ಯಂಜನಕ್ಕೂ ಮೊದಲಿಗೆ ಸರಿಸಬೇಕು. ಇದೆಲ್ಲ ಹುಡುಕಾಟಕ್ಕೆಂದೇ ಇಟ್ಟ ಪ್ರತ್ಯೇಕ ಕಾಲಂನಲ್ಲಿ. ಮೂಲ ಬರಹಕ್ಕೆ ಕೈ ಹಚ್ಚಿದರೆ ಪರದೆಯ ಮೇಲೆ "ಸಾಫ್ಟ್ವೇರ್" ಎಂದು ಒತ್ತಕ್ಷರವಾಗಿ ಕಾಣುತ್ತದೆ.

ಜಾರಿ

ಹೊಸ ತರುವಿಕೆಯನ್ನು ಹಳೆಯದರ ಜೊತೆಜೊತೆಗೇ ಒಂದು ವಾರ ಓಡಿಸಿ, ಬೇರೆ ಟೇಬಲ್‌ಗೆ ಬರೆಸಿ, ಹಳೆಯದಕ್ಕೆ ಸಿಕ್ಕು ಹೊಸದಕ್ಕೆ ಸಿಗದ ಸುದ್ದಿಗಳನ್ನು ಒಂದೊಂದಾಗಿ ನೋಡುವುದು ಮೊದಲ ಹೆಜ್ಜೆ. ಆಮೇಲೆ ಪ್ರತ್ಯೇಕ ಲಾಗಿನ್. ಒಂದೇ ಲಾಗಿನ್ನಿನ ಹಳೆಯ "ಓದಿದ್ದು" ಯಾರದೆಂದು ಹೇಳಲಾಗದು, ಆದ್ದರಿಂದ ಏಳು ದಿನಕ್ಕಿಂತ ಹಿಂದಿನದೆಲ್ಲ ಎಲ್ಲರಿಗೂ ಓದಿದ್ದು, ಗುಂಪಿನಲ್ಲಿ ಮುಗಿದದ್ದು. ಏಳು ದಿನದೊಳಗಿನದು ಎಲ್ಲರಿಗೂ ಹೊಸದು. ಸ್ವಲ್ಪ ಗದ್ದಲ, ಆದರೆ ನಷ್ಟವಿಲ್ಲ. ಹುಡುಕಾಟ ಕೊನೆಗೆ.

ಎಐ ಸಾರಾಂಶವನ್ನು ಈ ಸುತ್ತಿನಲ್ಲಿ ಕೈಬಿಟ್ಟೆವು. ಎಷ್ಟೋ ಫೀಡುಗಳಲ್ಲಿ ಇರುವುದೇ ಎರಡು ಸಾಲು. ಎರಡು ಸಾಲಿಗೆ ಸಾರಾಂಶವೇನು? ಮೊಬೈಲಿಗೆ ಸ್ವಂತ ಆ್ಯಪ್ ಬದಲು ಗೂಗಲ್ ರೀಡರ್ ಮಾದರಿಯ ಎಪಿಐ (ಬೇರೆ ತಂತ್ರಾಂಶಗಳು ನಮ್ಮದರೊಡನೆ ಮಾತಾಡುವ ಬಾಗಿಲು) ತೆರೆದರೆ ಈಗಾಗಲೇ ಇರುವ ಆ್ಯಪ್‌ಗಳು ಕೂಡಿಕೊಳ್ಳುತ್ತವೆ. ಆ ಎಪಿಐಗೆ ಓದಿದ್ದು, ನಕ್ಷತ್ರ, ಲೇಬಲ್ ಗೊತ್ತು, ವಹಿಸಿಕೊಳ್ಳುವುದು ಗೊತ್ತಿಲ್ಲ. ನಕ್ಷತ್ರ ಒತ್ತಿದರೆ ವಹಿಸಿಕೊಂಡಂತೆ ಎಂದು ಮಾಡಬಹುದಲ್ಲ ಎಂಬ ಸಲಹೆ ಬಂದಿತ್ತು. ಬಸ್ಸಿನಲ್ಲಿ ನೆಟ್‌ವರ್ಕ್ ಇಲ್ಲದಾಗ ಒತ್ತಿದ ನಕ್ಷತ್ರ ಸರ್ವರಿಗೆ ತಲುಪುವುದು ಎರಡು ಗಂಟೆ ತಡವಾಗಿ. ಅಷ್ಟರಲ್ಲಿ ಬೇರೆಯವರು ಅದನ್ನು ವಹಿಸಿಕೊಂಡು ಅರ್ಧ ಬರೆದಿರುತ್ತಾರೆ. ಹಾಗಾಗಿ ಫೋನಿನಲ್ಲಿ ಓದು ಮತ್ತು ನಕ್ಷತ್ರ, ವಹಿಸಿಕೊಳ್ಳುವುದು ಬ್ರೌಸರಿನಲ್ಲಿ ಮಾತ್ರ.